ಸಾಕ್ಷ್ಯಚಿತ್ರವೂ ಹೆಣ್ಣುಮಕ್ಕಳ ವೃತ್ತಿಯೇ

ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದೊಡನೆ ಅವರಿಗೆ ಯಾವ ವೃತ್ತಿಯು ಯೋಗ್ಯವೆಂಬ ವಿಚಾರವು ಮನೆಮನೆಗಳಲ್ಲಿಯೂ ಏಳುವುದು ಸಹಜವಾಗಿದೆ. ಉಪಾಧ್ಯಾಯಿನಿಯಾಗುವೆನು, ದಾದಿಯಾಗುವೆನು ಎಂದರೆ ತಂದೆತಾಯಿಗಳು ಸಂತೋಷದಿಂದ ಒಪ್ಪುವರು. ಸಾಕ್ಷ್ಯಚಿತ್ರಗಳನ್ನು ತೆಗೆಯುವೆನೆಂದು ಮಗಳು ಹೇಳಿದರೆ ಮಾತ್ರ, "ಅದೂ ಒಂದು ಉದ್ಯೋಗವೇ?" ಎಂದು ಕೇಳುವರು. ಅದು ಗೌರವವುಳ್ಳ ಉದ್ಯೋಗವೆಂದೇ ನಮ್ಮ ಅಭಿಪ್ರಾಯ. ಬೆಂಗಳೂರಿನಲ್ಲಿ ನೆಲಸಿ ಕೆಲಸಮಾಡಿದ ಶ್ರೀಮತಿ ದೀಪಾ ಧನರಾಜರೇ ಇದಕ್ಕೆ ನಿದರ್ಶನವಾಗಿರುವರು.

1980ರಲ್ಲಿ ಇವರು ಆಭಾ ಭಯ್ಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಎಂಬವರೊಡನೆ ಸೇರಿ 'ಯುಗಾಂತರ' ಎಂಬ ಚಿತ್ರಮಂಡಲಿಯನ್ನು ಕಟ್ಟಿದರು. 1981ರ 'ಮೋಲ್ಕರೀನ್' ಎಂಬುದು ಪುಣೆಯ ಮನೆಗೆಲಸದ ಸ್ತ್ರೀಯರನ್ನು ಕುರಿತದ್ದು. ಮರುವರ್ಷದ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬುದು ನಮ್ಮ ಕರ್ನಾಟಕದ ನಿಪ್ಪಾಣಿಯಲ್ಲಿ ಹೊಗೆಸೊಪ್ಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಸ್ತ್ರೀಯರನ್ನು ಕುರಿತದ್ದು. ಮಂಡಲಿಯವರು ಆ ಕಾರ್ಮಿಕ ಸ್ತ್ರೀಯರೊಡನೆ ನಾಲ್ಕು ತಿಂಗಳು ಕಳೆದು, ಮೊದಲು ಅವರ ಕಷ್ಟಗಳನ್ನು ಕೇಳಿದರು; ಯಾವ ದೃಶ್ಯಗಳನ್ನು ತೆಗೆಯಬೇಕೆಂಬುದಕ್ಕೂ ಅವರ ಸಲಹೆಯನ್ನೇ ಪಡೆದರು. 1991ರಲ್ಲಿ ದೀಪಾ ಅವರು 'ಸಮ್‌ಥಿಂಗ್ ಲೈಕ್ ಎ ವಾರ್' ಎಂಬ ಚಿತ್ರದಲ್ಲಿ, ಸರ್ಕಾರದ ಕುಟುಂಬಯೋಜನೆಯಿಂದ ಬಡ ಸ್ತ್ರೀಯರಿಗೆ ಒದಗಿದ ಬಲಾತ್ಕಾರವನ್ನು ಆ ಸ್ತ್ರೀಯರ ಕಡೆಯಿಂದಲೇ ತೋರಿಸಿದರು. 2016ರಲ್ಲಿ ಹೈದರಾಬಾದಿನ ವಿದ್ಯಾರ್ಥಿ ರೋಹಿತ್ ವೇಮುಲ ಮೃತನಾದ ತರುವಾಯ ಎದ್ದ ವಿದ್ಯಾರ್ಥಿಗಳ ಕೂಗನ್ನು 2018ರ ಚಿತ್ರವೊಂದರಲ್ಲಿ ಹಿಡಿದಿಟ್ಟರು.

ಈ ವೃತ್ತಿಯಲ್ಲಿ ವರಮಾನವು ನಿಶ್ಚಿತವಲ್ಲ, ಊರೂರು ಅಲೆಯಬೇಕು, ಅಧಿಕಾರದಲ್ಲಿರುವವರ ಮುನಿಸನ್ನೂ ಸಹಿಸಬೇಕಾದೀತು. ಇದನ್ನು ನಾವು ಮರೆಮಾಚುವುದಿಲ್ಲ. ತಂದೆತಾಯಿಗಳ ಅಂಜಿಕೆಗೆ ಕಾರಣವುಂಟು. ಆದಾಗ್ಯೂ ಒಂದು ಮಾತನ್ನು ಅವರು ಆಲೋಚಿಸಬೇಕು. ನಮ್ಮ ದೇವನೂರಿನ ಸೀಮೆಯಲ್ಲಿ ಬಿಸಿಲಿಗೆ ಬೆನ್ನೊಡ್ಡಿ ನಾಟಿ ಹಾಕುವ, ಕಳೆ ಕೀಳುವ ತಾಯಂದಿರ ಮಾತನ್ನು ಕುಳಿತು ಕೇಳಿದವರೆಷ್ಟು ಮಂದಿ? ಹೊರಗಿನಿಂದ ಬಂದವರಿಗೆ ಅವರ ನಂಬಿಕೆಯನ್ನು ಗಳಿಸಲು ತಿಂಗಳುಗಳು ಬೇಕು. ಆ ತಾಯಂದಿರ ಮಡಿಲಲ್ಲೇ ಬೆಳೆದ ಹುಡುಗಿಗೆ ಆ ನಂಬಿಕೆಯು ಹುಟ್ಟಿನಿಂದಲೇ ದೊರೆತಿದೆ. ಅವಳಿಗೆ ಬೇಕಾದುದು ವಿದ್ಯೆ, ಯಂತ್ರದ ಪರಿಚಯ ಮತ್ತು ಮನೆಯವರ ಅನುಮತಿ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗಳು ಈ ಮಾತನ್ನೆತ್ತಿದರೆ ಸಂಬಳವೆಷ್ಟೆಂದು ಕೇಳುವುದಕ್ಕೆ ಮೊದಲು, "ಯಾರ ಮಾತನ್ನು ಕೇಳಹೊರಟಿರುವೆ, ಮಗಳೇ?" ಎಂದು ಕೇಳಿರಿ. ಅವಳಲ್ಲಿ ಅದಕ್ಕೆ ಉತ್ತರವಿದ್ದರೆ ಅಡ್ಡಿಮಾಡದಿರಿ.