ಹಗಲಿನ ಪಾಠ, ಇರುಳಿನ ಅರಿವು

ಬಾಲ್ಯವನ್ನು ದಾಟಿ ಪ್ರಾಯಕ್ಕೆ ಕಾಲಿಡುವ ಜೀವವೊಂದರ ಕಥೆಯನ್ನು ವಿವೇಚಿಸುವಾಗ ನಾವು ಸಾಮಾನ್ಯವಾಗಿ ಒಂದು ಸಿದ್ಧಸೂತ್ರವನ್ನು ಹಿಡಿಯುತ್ತೇವೆ: ಇರುಳೆಂದರೆ ಅಜ್ಞಾನ, ಹಗಲೆಂದರೆ ಅರಿವು, ಕತ್ತಲೆಯಿಂದ ಬೆಳಕಿಗೆ ಸಾಗುವುದೇ ಬೆಳವಣಿಗೆ. ಈ ಸೂತ್ರ ಪ್ರಾರ್ಥನೆಗೆ ಒಪ್ಪಬಹುದು. ಕಾದಂಬರಿಗೆ ಒಪ್ಪದೆಂಬುದು ನನ್ನ ಅಭಿಪ್ರಾಯ.

ನಮ್ಮ ರಾಯಚೂರು ಸೀಮೆಯ ಮಟಮಾರಿಯಂಥ ಊರಿನಲ್ಲಿ ಬೆಳೆದವರಿಗೆ ಇದರ ಕೊರತೆ ಬೇಗನೆ ತಿಳಿಯುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರುವ ಈ ನೆಲದಲ್ಲಿ ನಡುಹಗಲು ಜನ ಬಾಗಿಲು ಮುಚ್ಚಿ ಒಳಗೆ ಕೂಡುತ್ತಾರೆ. ಹೊತ್ತು ಮುಳುಗಿದ ಮೇಲೆಯೇ ಊರಿಗೆ ಮಾತು ಬರುವುದು. ಕಟ್ಟೆಯ ಮೇಲಿನ ಹರಟೆ, ಗುಡಿಯ ಮುಂದಿನ ಭಜನೆ, ಬೆಳಗಾಗುವವರೆಗೆ ನಡೆಯುವ ಬಯಲಾಟ, ಮಾಳಿಗೆಯ ಮೇಲೆ ಮಲಗಿದಾಗ ಕಿವಿಗೆ ಬೀಳುವ ಹಿರಿಯರ ಪಿಸುಮಾತು—ಇವೆಲ್ಲ ಇರುಳಿನ ಸಂಪತ್ತು. ಹುಡುಗನು ಅಕ್ಷರ ಕಲಿಯುವುದು ಹಗಲಿನಲ್ಲಿ. ಮನುಷ್ಯರನ್ನು ಕಲಿಯುವುದು ಇರುಳಿನಲ್ಲಿ. ಆದರೆ ಈ ಮಾತು ಹುಡುಗಿಗೆ ಸಲ್ಲುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಆಕೆ ಮನೆ ಸೇರಿರಬೇಕು. ಇಬ್ಬರ ಇರುಳೂ ಒಂದೇ ಎಂದು ಭಾವಿಸಿ ಓದುವವನಿಗೆ ಕಥೆಯ ಅರ್ಧ ಮಾತ್ರ ದೊರೆಯುತ್ತದೆ.

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ನೋಡಿ. 1963ರ ‘ಪ್ರಶ್ನೆ’ ಸಂಕಲನದಲ್ಲಿ ಬಂದ ಈ ಕೃತಿ ಗಾತ್ರದಲ್ಲಿ ಕಥೆಯಾದರೂ ಬಾಲಕನೊಬ್ಬನ ಬೆಳವಣಿಗೆಯನ್ನು ಹಿಡಿಯುವಲ್ಲಿ ಕಾದಂಬರಿಯ ಆಳವನ್ನು ಮುಟ್ಟುತ್ತದೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸಿದರು. ಮಲೆನಾಡಿನ ವೇದಪಾಠಶಾಲೆಗೆ ಬಂದ ಬಾಲಕನಿಗೆ ಹಗಲು ದೊರೆಯುವುದು ಮಂತ್ರ ಮತ್ತು ನಿಯಮ. ಗರ್ಭವತಿಯಾದ ವಿಧವೆ ಯಮುನಕ್ಕನ ಜೊತೆಗೆ ಕಾಡಿನ ಕತ್ತಲೆಗೆ ಹೋದಾಗ, ಹುತ್ತದೊಳಗೆ ಕೈಯಿಟ್ಟು ಸಾವನ್ನು ಕರೆಯುವ ಆಕೆಯನ್ನು ಕಂಡಾಗ, ಯಾವ ಗುರುವೂ ಹೇಳದ ಸಂಕಟವೊಂದು ಅವನ ಅನುಭವಕ್ಕೆ ಬರುತ್ತದೆ. ಆದರೂ ಕಥೆಯ ಅತ್ಯಂತ ಕ್ರೂರವಾದ ಕೃತ್ಯ ಕತ್ತಲೆಗೆ ಸೇರಿದ್ದಲ್ಲ. ಬದುಕಿರುವ ಮಗಳಿಗೆ ತಂದೆಯೇ ಸತ್ತವಳಂತೆ ಶ್ರಾದ್ಧ ಮಾಡುವುದು ಶಾಸ್ತ್ರೋಕ್ತವಾಗಿ, ಸಮಾಜದ ಒಪ್ಪಿಗೆಯಿಂದ, ಬಾಲಕನು ಕಲಿಯಲು ಬಂದ ಅದೇ ವಿದ್ಯೆಯ ಬಲದಿಂದ. ಹುಡುಗನನ್ನು ಕರೆದೊಯ್ಯಲು ಅವನ ಅಪ್ಪ ಬರುತ್ತಾನೆ. ಯಮುನಕ್ಕನಿಗೆ ಹಿಂದಿರುಗುವ ಮನೆಯೇ ಉಳಿಯುವುದಿಲ್ಲ. ಅವನ ಅರಿವಿಗೆ ಬೆಲೆ ತೆತ್ತವಳು ಆಕೆ.

ಹೆಣ್ಣಿನ ಇರುಳನ್ನೇ ನಡುವಿಟ್ಟು ಬರೆದ ಕಾದಂಬರಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಕಾಸರಗೋಡು ಸೀಮೆಯ ನಾದಿರಾ ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ತಂದೆಯ ಹಟದಿಂದ ಗಂಡನನ್ನು ಅಗಲುತ್ತಾಳೆ. ಮತ್ತೆ ಅವನನ್ನು ಸೇರಬೇಕಾದರೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂದು ಹಿರಿಯರು ವಿಧಿಸುತ್ತಾರೆ. ಇಲ್ಲಿ ಇರುಳು ಅರಿವಿನ ಪಾಠಶಾಲೆಯೂ ಅಲ್ಲ, ಗುಟ್ಟಿನ ಆಸರೆಯೂ ಅಲ್ಲ. ಹಗಲಿನ ಜನ ಕುಳಿತು ಲೆಕ್ಕಹಾಕಿ ಹೊರಿಸಿದ ತೀರ್ಪು. ಆ ರಾತ್ರಿಯನ್ನು ಬಾಳುವುದಕ್ಕಿಂತ ನಾದಿರಾ ಮಸೀದಿಯ ಕೊಳದ ನೀರನ್ನು ಆರಿಸಿಕೊಳ್ಳುತ್ತಾಳೆ. ಪ್ರಾಯಕ್ಕೆ ಬಂದ ಬುದ್ಧಿಗೆ ಬದುಕಲು ಎಡೆಯಿಲ್ಲದಾಗ ಬೆಳವಣಿಗೆಯ ಕಥೆ ದುರಂತವಾಗದೆ ಇನ್ನೇನಾದೀತು?

ಎರಡು ಕೃತಿಗಳನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇರುಳು ತಾನಾಗಿ ಕೆಟ್ಟದ್ದಲ್ಲ, ಹಗಲು ತಾನಾಗಿ ಒಳ್ಳೆಯದಲ್ಲ. ಇರುಳಿನಲ್ಲಿ ಕಂಡ ಸತ್ಯವನ್ನು ಹಗಲಿನ ಜನರ ನಡುವೆ ಹೊತ್ತು ನಡೆಯಬೇಕಾದ ಕಷ್ಟವೇ ಪ್ರಾಯ. ಆ ಹೊರೆ ಗಂಡಿಗೆ ನೆನಪಾಗಿ ಉಳಿಯಬಹುದು. ಹೆಣ್ಣಿಗೆ ಅದು ಶಿಕ್ಷೆಯಾಗಿ ಬರುತ್ತದೆ. ಆದುದರಿಂದ ತರಗತಿಯಲ್ಲಿ ಇಂಥ ಕೃತಿಗಳನ್ನು ಬೋಧಿಸುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಕತ್ತಲೆ ಯಾವುದರ ಸಂಕೇತವೆಂದು ವಿದ್ಯಾರ್ಥಿಗಳನ್ನು ಕೇಳುವ ಮುನ್ನ, ಆ ಕತ್ತಲೆಯಲ್ಲಿ ಹೊರಗೆ ಹೋಗುವ ಹಕ್ಕು ಯಾರಿಗಿತ್ತು, ಬೆಳಗಾದ ಮೇಲೆ ಮನೆಗೆ ಮರಳುವ ದಾರಿ ಯಾರಿಗೆ ಉಳಿದಿತ್ತು ಎಂದು ಕೇಳಿರಿ. ಸಂಕೇತದ ಅರ್ಥ ಆಗ ತಾನಾಗಿ ತೆರೆದುಕೊಳ್ಳುತ್ತದೆ.