ಒಂದೇ ಹೋಟೆಲಿನಲ್ಲಿ ಇಳಿಸಿ

ಪೈಲಟ್‌ಗಳಿಗೆ ಒಂದು ಹೋಟೆಲ್, ಕ್ಯಾಬಿನ್ ಸಿಬ್ಬಂದಿಗೆ ಇನ್ನೊಂದು. ಕೆಲವು ವಿಮಾನ ಕಂಪನಿಗಳ ಈ ಪದ್ಧತಿಗೆ ನನ್ನ ವಿರೋಧವಿದೆ. ಗಗನಸಖಿಯಾಗಿ ಬಹಳ ವರ್ಷ ದೂರದ ಊರುಗಳಿಗೆ ಹಾರಿದವಳು ನಾನು.

ಎರಡು ಹಾರಾಟಗಳ ನಡುವೆ ಹೊರ ಊರಿನಲ್ಲಿ ತಂಗುವ ಲೇಓವರ್ ಎಂದರೆ ಮೋಜು ಎಂದೇ ಮಂಗಳೂರಿನಲ್ಲಿ ನಮ್ಮ ನೆಂಟರೂ ತಿಳಿದಿದ್ದರು. ಹಾರುವ 12 ಗಂಟೆ ಮೊದಲೇ ಮದ್ಯ ಬಿಟ್ಟಿರಬೇಕೆಂಬ, ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಅವರಿಗೆ ಗೊತ್ತಿರಲಿಲ್ಲ. ಲಂಡನ್ನಿನಲ್ಲಿ ಇಳಿದರೆ ನಸುಕಿನ ಮೂರಕ್ಕೇ ಎಚ್ಚರ. ಬೇಸಿಗೆಯಾದರೆ ನಮ್ಮ ದೇಶದಲ್ಲಿ ಆಗ ಏಳೂವರೆ, ಹೊಟ್ಟೆ ತಿಂಡಿ ಕೇಳುತ್ತದೆ. ಯಾರದೋ ಕೋಣೆಯಲ್ಲಿ ಕೆಟಲ್ ಕುದಿಯುತ್ತದೆ. ನನ್ನ ಪೆಟ್ಟಿಗೆಯ ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಚಂಡೀಗಢದ ಹುಡುಗಿ ತಂದ ಮಠರಿ, ಹಾಲಿನ ಪುಡಿಯ ಚಹಾ. ಕ್ಯಾಪ್ಟನ್ ಹವಾಯಿ ಚಪ್ಪಲಿಯಲ್ಲೇ ಬಂದು ಮಗಳ ಪರೀಕ್ಷೆಯ ಚಿಂತೆ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ಮೊದಲು ಕಂಡದ್ದೇ ಹೊರಡುವ ಮುಂಚಿನ ಬ್ರೀಫಿಂಗ್‌ನಲ್ಲಿ.

ಆ ಚಹಾದ ಬೆಲೆ ತಿಳಿಯಬೇಕಾದರೆ ಟೆನೆರಿಫ್ ದ್ವೀಪದ ವಿಮಾನ ದುರಂತ ನೆನೆಯಬೇಕು. 1977ರ ಮಾರ್ಚ್ 27, ದಟ್ಟ ಮಂಜು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಟೇಕಾಫ್‌ಗೆ ಓಡತೊಡಗಿದ್ದ ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್ ಸಂಶಯಪಟ್ಟ. ಕಂಪನಿಯ ಹಿರಿಯ ತರಬೇತುದಾರನೂ ಆಗಿದ್ದ ಕ್ಯಾಪ್ಟನ್, ಬಿಟ್ಟಿದೆ ಎಂದುಬಿಟ್ಟ. ಮತ್ತೆ ಯಾರೂ ಒತ್ತಿ ಕೇಳಲಿಲ್ಲ. ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಇಂಥ ಅಪಘಾತಗಳ ಹಿನ್ನೆಲೆಯಲ್ಲಿ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದಲೇ ಇಂದಿನ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ತರಬೇತಿ ಬೆಳೆದದ್ದು. ಹಿರಿಯರೆದುರು ಕಿರಿಯರು ಬಾಯಿಬಿಡಬೇಕು ಎಂಬುದು ಅದರ ಮುಖ್ಯ ಪಾಠ. ತರಗತಿಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಧೈರ್ಯ ಬರುವುದು ಪರಿಚಯದಿಂದ.

2001ರ ಸೆಪ್ಟೆಂಬರ್ ದಾಳಿಯ ನಂತರವಂತೂ ಕಾಕ್‌ಪಿಟ್ ಬಾಗಿಲು ಗಟ್ಟಿಯಾಗಿ ಮುಚ್ಚಿತು. ಹಾರಾಟದಲ್ಲಿ ಮಾತುಕತೆ ಹೆಚ್ಚಾಗಿ ಇಂಟರ್‌ಕಾಮ್‌ನಲ್ಲೇ. ಹಿಂದಿನ ಗ್ಯಾಲಿಯಲ್ಲಿ ಸುಟ್ಟ ವಾಸನೆ ಬಂದಂತಾದರೆ ಹೊಸ ಹುಡುಗಿ, ‘ನನ್ನ ಭ್ರಮೆಯೇನೋ, ಬೈದರೆ?’ ಎಂದು ಹಿಂಜರಿಯಬಾರದು. ಆ ಕ್ಯಾಪ್ಟನ್ ಜೊತೆ ಕೂತು ಅವಲಕ್ಕಿ ತಿಂದವಳು ತಡಮಾಡದೆ ಫೋನ್ ಎತ್ತುತ್ತಾಳೆ.

ಮಲಗುವವರು ಮಲಗಲಿ, ನಿದ್ದೆಯೇ ಮೊದಲು. ಬೇಡವೆಂದ ಮೇಲೂ ಹಿರಿಯನೊಬ್ಬ ಹುಡುಗಿಯ ಬಾಗಿಲು ತಟ್ಟಿದರೆ ಅದನ್ನು ಸ್ನೇಹ ಎನ್ನಲಾಗದು, ದೂರು ದಾಖಲಾಗಬೇಕು. ಆದ್ದರಿಂದಲೇ ನಾನು ಕೇಳುವುದು ಎಲ್ಲರಿಗೂ ಒಂದೇ ಹೋಟೆಲ್, ಒಬ್ಬೊಬ್ಬರಿಗೆ ಒಂದು ಕೋಣೆ. ಜೊತೆಗೆ ರಾತ್ರಿಯಿಡೀ ತೆರೆದಿರುವ, ಕೆಟಲ್ ಮತ್ತು ನಾಲ್ಕು ಕುರ್ಚಿಗಳಿರುವ ಒಂದು ಸಾರ್ವಜನಿಕ ಕೋಣೆ. ಮಾತಿಗೆ ಜೊತೆ ಬೇಕಾದವರು ಇನ್ನೊಬ್ಬರು ಮಲಗುವ ಕೋಣೆಗೆ ಹೋಗಬೇಕಾದ ಪ್ರಸಂಗವೇ ಆಗ ಬರುವುದಿಲ್ಲ.