ಅಳತೆಗೋಲು ಬದಲಿಸಿದರೆ ಎತ್ತರ ಹೆಚ್ಚುವುದೇ?

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಟರ್ಬೊ ಡೀಸೆಲ್ ಕಾರು ಕಕ್ಕಬೆಯ ಏರುಹಾದಿಯಲ್ಲಿ ಕಪ್ಪುಹೊಗೆ ಕಾರುತ್ತ ಸೋಲತೊಡಗಿತು. ರಾತ್ರಿವೇಳೆ ವಿರಾಜಪೇಟೆಯ ಆಸ್ಪತ್ರೆಗೆ ಹೋಗಬೇಕಾದರೆ ನಮಗಿರುವುದು ಅದೊಂದೇ. ‘ಗಾಳಿ ಅಳೆಯುವ ಸೆನ್ಸರ್ ಹಳತಾಯಿತು ಸರ್, ದೊಡ್ಡದನ್ನು ಹಾಕಿಸಿ’ ಎಂದರು ವರ್ಕ್‌ಶಾಪಿನವರು. ತಂಗಿಯ ಮಗನೂ ತಲೆದೂಗಿದ. ನಾನು ಒಪ್ಪಲಿಲ್ಲ.

ನನ್ನ ವಿಜ್ಞಾನದ ತರಗತಿಯಲ್ಲಿದ್ದವರಿಗೆ ನೆನಪಿರಬಹುದು: ಎತ್ತರಕ್ಕೇರಿದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಅದರ ಸಾಂದ್ರತೆ ಸುಮಾರು ಶೇ. 10ರಷ್ಟು ಕಡಿಮೆ, 1,748 ಮೀಟರಿನ ತಡಿಯಂಡಮೋಳ್ ತುದಿಯಲ್ಲಿ ಇನ್ನೂ ಕಡಿಮೆ. ಆದ್ದರಿಂದಲೇ ಈ ಸೆನ್ಸರ್ ಗಾಳಿಯ ಗಾತ್ರವನ್ನಲ್ಲ, ದ್ರವ್ಯರಾಶಿಯನ್ನು ಅಳೆಯುತ್ತದೆ. ತನ್ನೊಳಗಿನ ಬಿಸಿ ಪದರವನ್ನು ಹರಿಯುವ ಗಾಳಿ ಎಷ್ಟು ತಣಿಸಿತೆಂಬುದೇ ಅದರ ಲೆಕ್ಕ. ಅದನ್ನು ನಂಬಿ ಇಂಜಿನ್ನಿನ ಕಂಪ್ಯೂಟರು ಡೀಸೆಲಿಗೆ ಮಿತಿ ಹಾಕುತ್ತದೆ.

ಅಗಲ ಕೊಳವೆಯ ಸೆನ್ಸರ್ ಹಾಕಿ, ಕಂಪ್ಯೂಟರಿನ ಲೆಕ್ಕವನ್ನು ತಿದ್ದದಿದ್ದರೆ, ಗಾಳಿ ನಿಧಾನವಾಗಿ ಹರಿದು ಅಳತೆ ಕಡಿಮೆ ಬರುತ್ತದೆ. ಡೀಸೆಲ್ ತಗ್ಗುತ್ತದೆ, ಹೊಗೆಯೂ ತಗ್ಗುತ್ತದೆ. ರೋಗ ವಾಸಿಯಾಯಿತೆಂದು ನಾವು ಭ್ರಮಿಸುತ್ತೇವೆ. ಎಳೆತ ಮಾತ್ರ ಮತ್ತಷ್ಟು ಕುಂದಿರುತ್ತದೆ. ಟರ್ಬೊವನ್ನೇ ದೊಡ್ಡದು ಮಾಡಿದವರಿಗೆ ದೊಡ್ಡ ಸೆನ್ಸರ್ ಬೇಕಾಗಬಹುದು, ನಮಗೇಕೆ?

ಹುಡುಕಿಸಿದಾಗ ಸಿಕ್ಕಿದ್ದು, ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯಲ್ಲೊಂದು ಸೀಳು. ಅಳೆದ ಗಾಳಿ ದಾರಿಯಲ್ಲೇ ಸೋರುತ್ತಿತ್ತು. ಸೆನ್ಸರ್ ಸತ್ಯವನ್ನೇ ನುಡಿಯುತ್ತಿತ್ತು.

ಅಂಕ ಕಡಿಮೆ ಬಂದ ಮಗುವಿಗೆ ಬೇರೆ ಶಾಲೆ ಹುಡುಕುವ ಮುನ್ನ, ಅದಕ್ಕೆ ಕಪ್ಪುಹಲಗೆ ಕಾಣಿಸುತ್ತಿದೆಯೇ ಎಂದು ವಿಚಾರಿಸಿರೆಂದು ನಾನು ಪೋಷಕರಿಗೆ ಹೇಳುತ್ತಿದ್ದೆ. ಕಾರಿಗೂ ಅದೇ ಮಾತು. ಮೊದಲು ಏರ್ ಫಿಲ್ಟರ್, ಕೊಳವೆ, ಕ್ಲಿಪ್ಪುಗಳನ್ನು ನೋಡಿಸಿ. ಆಮೇಲೆ ಹಣ ಬಿಚ್ಚಿ.